ಸ್ಟೀಫನ್ ಫಾಸ್ಟರ್ ಮೇಲೆ 1935ರಲ್ಲಿ ಬಂದ ಒಂದು ಸಿನಿಮಾ

'ಹಾರ್ಮನಿ ಲೇನ್' ಅಮೆರಿಕದ ಹಳೇ ಟಾಕಿ. 'ಓ! ಸುಸಾನಾ' ಹಾಡು ಬರೆದ ಸ್ಟೀಫನ್ ಫಾಸ್ಟರ್ ಅವರ ಕಥೆ. ಧಾರಾವಾಹಿ ಸಿನಿಮಾಗಳಿಗೆ ಹೆಸರಾಗಿದ್ದ ಮ್ಯಾಸ್ಕಟ್ ಕಂಪನಿ ಇದನ್ನು ತೆಗೆಯಿತು. ಫಾಸ್ಟರ್ ಆಗಿ ಡಗ್ಲಾಸ್ ಮಾಂಟ್‌ಗೊಮರಿ ನಟಿಸಿದ್ದಾರೆ.

ಸಿನಿಮಾ ಕೈತಪ್ಪಿದ ಪ್ರೇಮವನ್ನೇ ಜಾಸ್ತಿ ಹಿಡಿದುಕೊಂಡಿದೆ. ನನಗೆ ಅದಕ್ಕಿಂತ ದುಡ್ಡಿನ ಕಥೆಯೇ ಹೆಚ್ಚು ನೋವು ಕೊಡುತ್ತದೆ. ಫಾಸ್ಟರ್ ಕಾಲದಲ್ಲಿ ಹಾಡನ್ನು ವೇದಿಕೆಯಲ್ಲಿ ಎಷ್ಟು ಸಲ ಹಾಡಿದರೂ ಬರೆದವರಿಗೆ ಕಾಸು ಬರುತ್ತಿರಲಿಲ್ಲ, ಅಚ್ಚಾದ ಹಾಳೆ ಮಾರಾಟವಾದರೆ ಮಾತ್ರ ಒಂದಿಷ್ಟು ಪಾಲು. 1851ರಲ್ಲಿ 'ಓಲ್ಡ್ ಫೋಕ್ಸ್ ಅಟ್ ಹೋಮ್' ಬಂದಾಗ, ದುಡ್ಡು ಪಡೆದು, ಅದನ್ನು ವೇದಿಕೆಯಲ್ಲಿ ಹಾಡುತ್ತಿದ್ದ ತಂಡದ ಒಡೆಯ ಕ್ರಿಸ್ಟಿಯ ಹೆಸರನ್ನೇ ಬರೆದವರ ಜಾಗದಲ್ಲಿ ಹಾಕಲು ಫಾಸ್ಟರ್ ಒಪ್ಪಿಬಿಟ್ಟರು. ಎಂಥ ಹಾಡು ಅದು! ಯಾರೋ ಬೇರೆಯವರದ್ದು ಅಂತ ಊರೆಲ್ಲ ಹಾಡುವುದನ್ನು ಕೇಳುವುದು ಸುಲಭವಲ್ಲ, ಅಲ್ವಾ?

ಇನ್ನೊಂದು ಮಾತು ಹೇಳಲೇಬೇಕು. ಈ ಹಾಡುಗಳಲ್ಲಿ ಹಲವನ್ನು ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುತ್ತಿದ್ದರು, ಗುಲಾಮರ ಬದುಕನ್ನು ತಮಾಷೆ ಮಾಡುತ್ತಿದ್ದರು. ರಾಗ ಎಷ್ಟೇ ಚೆನ್ನಾಗಿದ್ದರೂ ಅದನ್ನು ಮರೆತು ಕೇಳಲು ನನ್ನಿಂದಾಗದು.

ಫಾಸ್ಟರ್ 1864ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 37. ಅವರ ಪರ್ಸಿನಲ್ಲಿ ಇದ್ದದ್ದು 38 ಸೆಂಟ್.