ಕೊನೆಯ ಬೆಂಚಿನ ಮೂವರು

ಅವರು ನಮ್ಮ ಚರ್ಚಿಗೆ ಬರಲು ಶುರು ಮಾಡಿ ಎಂಟು ತಿಂಗಳಾಗಿತ್ತು. ಗಂಡ, ಹೆಂಡತಿ, ಒಬ್ಬ ಪುಟ್ಟ ಮಗಳು. ಯಾವಾಗಲೂ ಕೊನೆಯ ಬೆಂಚು. ತಾಯಿಯ ಕೈಯಲ್ಲಿ ಮರಾಠಿ ಹಾಡಿನ ಪುಸ್ತಕ ಇರುತ್ತಿತ್ತು. ಅದನ್ನು ನೋಡಿ ಕನ್ನಡದವರಾದ ನಾವು, ಇವರು ಮರಾಠಿಯವರು ಅಂದುಕೊಂಡೆವು. ಮರಾಠಿಯವರು, ಇವರು ಬೇರೆ ಯಾರೋ ಅಂದುಕೊಂಡರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಂದೊಂದು ಭಾಷೆಯವರು ಒಂದೊಂದು ಕಡೆ ಮಾತಿಗೆ ನಿಲ್ಲುತ್ತೇವೆ. ಆ ಮೂವರು ಸುಮ್ನೆ ಗೇಟಿನತ್ತ ನಡೆದುಬಿಡುತ್ತಿದ್ದರು.

ಹಲವು ಭಾಷೆ ಬೆಳಗಾವಿಗೆ ಹೊಸದಲ್ಲ. 1953ರಲ್ಲಿ ಇಲ್ಲಿನ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ ಪ್ರದೇಶ) ಆದದ್ದೇ ಗೋವಾ ಮತ್ತು ಪುಣೆ ಧರ್ಮಪ್ರಾಂತ್ಯಗಳ ಭಾಗಗಳನ್ನು ಸೇರಿಸಿ. ಕೊಂಕಣಿ, ಮರಾಠಿ, ಕನ್ನಡ ಮೂರೂ ನಮ್ಮಲ್ಲಿ ಕೇಳುತ್ತವೆ. ಮೂರಕ್ಕೂ ಜಾಗ ಕೊಟ್ಟಿದ್ದೇವೆ, ಇನ್ನೇನು ಬೇಕು ಅನ್ನುವ ನೆಮ್ಮದಿ ನನಗಿತ್ತು.

ಪಾಸ್ಖ ಹಬ್ಬದ, ಅಂದರೆ ಈಸ್ಟರಿನ, 50ನೆಯ ದಿನ ಪವಿತ್ರಾತ್ಮರ ಹಬ್ಬ ಬರುತ್ತದೆ. ಯೇಸುವಿನ ಶಿಷ್ಯರಾದ ಪ್ರೇಷಿತರು ಮಾತಾಡಿದ್ದು ದೂರದ ಊರುಗಳಿಂದ ಬಂದವರಿಗೆಲ್ಲ ಅವರವರ ಭಾಷೆಯಲ್ಲೇ ಕೇಳಿಸಿತು ಅನ್ನುವ ಬೈಬಲ್ ವಾಚನ ಅವತ್ತು. ಈ ಸಲ ನಮ್ಮವರ ಮನೆಮಾತುಗಳಲ್ಲೆಲ್ಲ ಒಂದೊಂದು ಪ್ರಾರ್ಥನೆ ಇರಲಿ ಎಂದರು ಫಾದರ್. ಪಟ್ಟಿ ಮಾಡುವ ಕೆಲಸ ನನಗೆ ಬಂತು. ಕೊನೆಯ ಬೆಂಚಿಗೆ ನಾನು ಮೊದಲ ಸಲ ಹೋದದ್ದು ಆಗ.

"ನಿಮ್ಮದು ಮರಾಠಿ ಅಲ್ವಾ?" ಅಂತ ಹಿಂದಿಯಲ್ಲಿ ಕೇಳಿದೆ.

"ಇಲ್ಲ ದೀದಿ, ಕುಡುಖ್."

ಊರು ಜಾರ್ಖಂಡಿನಲ್ಲಿ. ಗಂಡನಿಗೆ ಇಲ್ಲಿ ಕಟ್ಟಡದ ಕೆಲಸ. ಹಾಗಾದರೆ ಮರಾಠಿ ಪುಸ್ತಕ ಯಾಕೆ? ಅಕ್ಷರ ನಾಗರಿಯದು, ಓದಲು ಬರುತ್ತದೆ. ಅರ್ಥ ಜಾಸ್ತಿ ಆಗುವುದಿಲ್ಲ, ಆದರೂ ಎಲ್ಲರ ಜೊತೆ ಹಾಡಬೇಕು ಅನಿಸುತ್ತದೆ ಅಂದರು. ನನಗೆ ಗಂಟಲು ಕಟ್ಟಿತು. ಎಂಟು ತಿಂಗಳು ಬರೀ ಅಕ್ಷರ ಹಿಡಿದುಕೊಂಡು ನಮ್ಮ ಜೊತೆ ಹಾಡಿದ್ದರು. ನಾವು ಹೆಸರನ್ನೂ ಕೇಳಿರಲಿಲ್ಲ.

ಅವರು ಪ್ರಾರ್ಥನೆಯನ್ನು ನನ್ನ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಾಗ ಪಕ್ಕದಲ್ಲೇ ಕೂತೆ. ಒಂದೆರಡು ಮಾತು ಹೇಳಿಕೊಡಿ ಅಂದೆ. ಕಣ್ಣು ಮುಟ್ಟಿ 'ಖನ್' ಅಂದರು. ಹಲ್ಲು ತೋರಿಸಿ 'ಪಲ್' ಅಂದರು. ಹಲ್ಲಿಗೆ ನಮ್ಮ ಹಳಗನ್ನಡದಲ್ಲೂ ಪಲ್ ಅಂತಲೇ! ನನ್ನ ಕಡೆ ಬೆರಳು ಮಾಡಿ 'ನೀನ್' ಅಂದಾಗ ಇಬ್ಬರೂ ಜೋರಾಗಿ ನಕ್ಕೆವು. ಕುಡುಖ್ ದ್ರಾವಿಡ ಭಾಷೆ, ಕನ್ನಡದ ಬಳಗದ್ದು. ಅಷ್ಟು ದೂರದಿಂದ ಬಂದ ನಮ್ಮ ನೆಂಟರನ್ನೇ ನಾವು ಗೇಟಿನತನಕ ಮಾತಿಲ್ಲದೆ ಕಳಿಸುತ್ತಿದ್ದೆವು.

'ನಾವು' ಅನ್ನಲು ಅವರಲ್ಲಿ ಎರಡು ಮಾತಿವೆ. 'ಏಮ್' ಅಂದರೆ ನೀವಿಲ್ಲದ ನಾವು. 'ನಾಮ್' ಅಂದರೆ ನಿಮ್ಮನ್ನೂ ಸೇರಿಸಿಕೊಂಡ ನಾವು. ಪ್ರಾರ್ಥನೆಯಲ್ಲಿ ಯಾವುದು ಬರುತ್ತದೆ ಅಂತ ಕೇಳಿದೆ. ದೇವರ ಮುಂದೆ ಬೇಡುವಾಗ 'ಏಮ್', ನಿಮ್ಮನ್ನೆಲ್ಲ ಕರೆಯುವಾಗ 'ನಾಮ್' ಅಂದರು. ಆ ಎರಡನೆಯ ಮಾತಿನ ಕೆಳಗೆ ಗೆರೆ ಎಳೆದುಕೊಂಡೆ.

ಭಾನುವಾರ ಅವರು ಮೈಕಿನ ಮುಂದೆ ನಿಂತಾಗ ಕಾಗದ ಹಿಡಿದ ಕೈ ನಡುಗುತ್ತಿತ್ತು. ದನಿ ನಡುಗಲಿಲ್ಲ. ಅವರು ಓದುತ್ತಿರುವಾಗಲೇ ನಮ್ಮ ಸಾಲಿನ ಅಜ್ಜಿಯೊಬ್ಬರು ಎದ್ದು ನಿಧಾನಕ್ಕೆ ಕೊನೆಯ ಬೆಂಚಿಗೆ ಹೋದರು. ಹುಡುಗಿಯ ಪಕ್ಕ ಕೂತು, ತಲೆ ಸವರಿ, ಮೆಲ್ಲಗೆ ಕೇಳಿದರು, "ನಿನ್ನ ಹೆಸರೇನವ್ವಾ?"

ಹುಡುಗಿ ತಡವರಿಸದೆ ಹೆಸರು ಹೇಳಿತು.