ಪ್ಲಾಸ್ಟರ್ ಆಗುವ ಮುಂಚೆ ಒಂದು ಫೋಟೊ, ಪಕ್ಕದಲ್ಲಿ ಟೇಪು

ವೈರಿಂಗ್ ಕೆಲಸದಲ್ಲಿ ಮುಕ್ಕಾಲು ಪಾಲು ಗೋಡೆಯೊಳಗೇ ಮುಚ್ಚಿಹೋಗುತ್ತದೆ. ಮನೆಯವರಿಗೆ ಕಾಣುವುದು ಸ್ವಿಚ್ ಬೋರ್ಡು, ಫ್ಯಾನು, ಲೈಟು ಅಷ್ಟೇ. ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಎರಡು ವರ್ಷ ಬಿಟ್ಟು ಕೇಳಿದರೆ ಹಾಕಿದ ಹುಡುಗನಿಗೂ ನೆನಪಿರುವುದಿಲ್ಲ. ಅದಕ್ಕೇ ದಾವಣಗೆರೆಯಲ್ಲಿ ನಾನು ಹಿಡಿದ ಮನೆಗಳಲ್ಲಿ ಪ್ಲಾಸ್ಟರ್‌ಗೆ ಮುಂಚೆ ಒಂದೊಂದು ಗೋಡೆಯ ಫೋಟೊನೂ ತೆಗೆಸುತ್ತೇನೆ.

ಫೋಟೊ ತೆಗೆಯದ ಎಲೆಕ್ಟ್ರಿಷಿಯನ್ ಈಗ ಯಾರಿದ್ದಾರೆ ಅಂತೀರಾ? ನಿಜ. ಆದರೆ ಜಾಸ್ತಿ ಫೋಟೊಗಳು 'ಕೆಲಸ ಆಯ್ತು ಸಾರ್, ದುಡ್ಡು ಹಾಕಿ' ಅನ್ನೋದಕ್ಕೆ ತೆಗೆದವು. ಓರೆಯಾಗಿ ತೆಗೆದ ಇಟ್ಟಿಗೆ ಗೋಡೆ, ಮಧ್ಯೆ ಒಂದು ಪೈಪು. ಯಾವ ರೂಮು, ಎಷ್ಟು ಎತ್ತರ, ಒಂದೂ ತಿಳಿಯಲ್ಲ. ನಾಳೆ ಅದೇ ಗೋಡೆಗೆ ಡ್ರಿಲ್ ಇಡುವವನಿಗೆ ಬೇಕಾದದ್ದು ಇಂಚಿನ ಲೆಕ್ಕ.

ನಮ್ಮ ಹುಡುಗರು ಮಾಡುವುದು ಹೀಗೆ. ಬಾಕ್ಸು ಕೂರಿಸಿ, ಪೈಪಿನ ಮೇಲೆ ಸಿಮೆಂಟ್ ಮೆತ್ತುವ ಮುಂಚೆ, ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ದಪ್ಪಗೆ 'ಮೇಲಿನ ಬೆಡ್‌ರೂಮು, ಪೂರ್ವ' ಅಂತ ಬರೆಯುತ್ತಾರೆ. ವಾಸ್ತು ದಯೆಯಿಂದ ದಿಕ್ಕು ಮಾತ್ರ ಪ್ರತಿ ಮನೆಯವರಿಗೂ ಬಾಯಿಪಾಠ. ಆಮೇಲೆ ಟೇಪನ್ನು ಗೋಡೆಗೆ ಒತ್ತಿ ಹಿಡಿದು, ನೇರ ಎದುರಿಗೆ ನಿಂತು ಇಡೀ ಗೋಡೆಯದೊಂದು, ಹತ್ತಿರದಿಂದ ಇನ್ನೊಂದು.

ಅಳತೆ ಎಲ್ಲಿಂದ ಹಿಡಿಯಬೇಕು ಅನ್ನೋದೇ ಇಲ್ಲಿ ಮುಖ್ಯ. ಮೂಲೆಯಿಂದ ಹಿಡಿದರೆ ಪಕ್ಕದ ಗೋಡೆಗೆ ಪ್ಲಾಸ್ಟರ್ ಆದಾಗ ಅರ್ಧ ಇಂಚು ತಿಂದುಹೋಗುತ್ತದೆ. ನೆಲದಿಂದ ಹಿಡಿದರೆ ಬೆಡ್ ಕಾಂಕ್ರೀಟು, ಟೈಲ್ಸು ಸೇರಿ ನೆಲವೇ ಎರಡು ಮೂರು ಇಂಚು ಮೇಲೆ ಬರುತ್ತದೆ. ಬಾಗಿಲು, ಕಿಟಕಿಯ ಚೌಕಟ್ಟು ಅಲ್ಲಾಡುವುದಿಲ್ಲ. ಅಡ್ಡ ಅಳತೆ ಚೌಕಟ್ಟಿನ ಅಂಚಿನಿಂದ, ಎತ್ತರ ಕಿಟಕಿಯ ಕೆಳಗಿನ ಅಂಚಿನಿಂದ.

ನಿಟುವಳ್ಳಿ ಕಡೆ ಒಂದು ಮನೆ. ಅಡುಗೆಮನೆಗೆ ಚಿಮಣಿ ಕೂರಿಸುವವರು ಬಂದು ಹೊಗೆ ಪೈಪಿಗೆ ತೂತು ಕೊರೆಯಲು ಗುರುತು ಹಾಕಿದ್ದರು. ಮನೆ ಅಕ್ಕಾವ್ರು ಫೋನ್ ಮಾಡಿದರು. 'ಅಣ್ಣಾ, ಇಲ್ಲಿ ವೈರ್ ಏನಾದ್ರೂ ಐತಾ ನೋಡಿ ಹೇಳ್ರಿ.' ಹಳೇ ಫೋಟೊ ತೆಗೆದು ನೋಡಿದೆ. ಕಿಟಕಿ ಚೌಕಟ್ಟಿನ ಎಡ ಅಂಚಿನಿಂದ 14 ಇಂಚಿಗೆ ಮಿಕ್ಸಿ, ಫಿಲ್ಟರ್ ಪಾಯಿಂಟಿನ ಪೈಪು ಮೇಲಿಂದ ಇಳಿದಿತ್ತು. ಅವರ ಗುರುತು ಸರಿಯಾಗಿ ಅದರ ಮೇಲೇ. ತೂತನ್ನು ಒಂದು ಅಡಿ ಆಚೆ ಸರಿಸಿದರು, ಅಷ್ಟೇ. ಆ ಫೋಟೊದಲ್ಲಿ ಟೇಪಿನ ಅಂಕಿ ಓದಲು ಬರದಿದ್ದರೆ ನಾನೂ 'ಸ್ವಲ್ಪ ನೋಡ್ಕೊಂಡು ಹೊಡೀರಿ' ಅಂತ ಹೇಳಿ ಫೋನ್ ಇಡಬೇಕಾಗಿತ್ತು.

ಮೋಲ್ಡಿನ, ಅಂದರೆ ಮೇಲ್ಛಾವಣಿಯ ಕಾಂಕ್ರೀಟಿನ, ಫೋಟೊಗೆ ಸಮಯ ಕಡಿಮೆ. ಕಂಬಿ ಕಟ್ಟಿ ಮುಗಿದು ಕಾಂಕ್ರೀಟ್ ಶುರುವಾಗುವ ನಡುವೆ ತೆಗೆಯಬೇಕು. ಫ್ಯಾನ್ ಬಾಕ್ಸಿನ ಅಳತೆ ಬೀಮಿನಿಂದ ಹಿಡಿದರಾಯಿತು.

ಅರ್ಥಿಂಗ್ ಗುಂಡಿಯ ಫೋಟೊವನ್ನು ಮಾತ್ರ ನಾನೇ ನಿಂತು ತೆಗೆಸುತ್ತೇನೆ. ಇದ್ದಿಲು, ಉಪ್ಪು ಹಾಕಿದ್ದೀರಾ ಇಲ್ವಾ ಅನ್ನೋ ಅನುಮಾನ ಪ್ರತಿ ಯಜಮಾನರಿಗೂ ಇದ್ದೇ ಇರುತ್ತದೆ, ಇರಬೇಕಾದದ್ದೇ. ಮಣ್ಣು ಮುಚ್ಚಿದ ಮೇಲೆ ಯಾರು ಬಗೆದು ನೋಡುತ್ತಾರೆ? ಗುಂಡಿಗೆ ಟೇಪು ಇಳಿಬಿಟ್ಟು ಒಂದು, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಕ್ಲ್ಯಾಂಪ್ ಬಿಗಿದದ್ದು ಒಂದು, ಇದ್ದಿಲು ಉಪ್ಪಿನ ಪದರ ಕಾಣುವಂತೆ ಒಂದು, ಕೊನೆಗೆ ಅರ್ಥ್ ಟೆಸ್ಟರಿನ ಮುಳ್ಳು ನಿಂತದ್ದು ಒಂದು. ಪೈಪು ಕನಿಷ್ಠ 2.5 ಮೀಟರ್ ಇಳಿಯಬೇಕು. ದಾವಣಗೆರೆಯ ಎರೆಮಣ್ಣಿನಲ್ಲಿ ಅಷ್ಟು ಆಳ ತೆಗೆಯುವುದು ಕಷ್ಟವಲ್ಲ, ತೇವವನ್ನೂ ಹಿಡಿದಿಡುತ್ತದೆ. ಚಿತ್ರದುರ್ಗದಲ್ಲಿ ಕೋಟೆ ಕಡೆ ಹಿಡಿದರೆ ಹಾರೆ ಹಾಕಿದಲ್ಲೆಲ್ಲಾ ಬಂಡೆ. ಅಲ್ಲಿ ಟೆಸ್ಟರಿನ ರೀಡಿಂಗ್ ಜಾಸ್ತಿ ಬಂದಾಗ, ಅಂದರೆ ಅರ್ಥಿಂಗ್ ಸರಿಯಾಗಿ ಸಿಗದಿದ್ದಾಗ, ಬೇರೆ ಜಾಗದಲ್ಲಿ ಇನ್ನೊಂದು ಗುಂಡಿ ತೆಗೆಯಬೇಕು ಅಂದರೆ ಬಾಯಿಮಾತಿಗೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಬಂಡೆ, ಟೆಸ್ಟರು ಎರಡರದ್ದೂ ಫೋಟೊ ತೋರಿಸಿದರೆ ಒಪ್ಪುತ್ತಾರೆ.

ಪೇಟೆಯ ಹಳೇ ಮನೆಗಳಲ್ಲಿ, ಮರದ ಪಟ್ಟಿ ವೈರಿಂಗ್ ಇನ್ನೂ ಇರುವ ಕಡೆ, ಕೈ ಹಚ್ಚುವ ಮುಂಚಿನ ಫೋಟೊ ಬೇಕೇ ಬೇಕು. ಸುಟ್ಟ ಸಾಕೆಟ್ಟು, ಕರಗಿದ ಹೋಲ್ಡರು, ಯಾರೋ ಫ್ಯೂಸಿಗೆ ಸುತ್ತಿದ ದಪ್ಪ ತಂತಿ. ಇಲ್ಲದಿದ್ದರೆ 'ನೀವು ಬಂದ್ಮೇಲೇ ಫ್ಯಾನ್ ಹೋಯ್ತು' ಅನ್ನೋ ಮಾತು ತಪ್ಪಿದ್ದಲ್ಲ. ತೆಗೆಯುವ ಮುಂಚೆ ಒಂದು ಮಾತು ಕೇಳಿ. ತೆರೆದ ಬೀರು, ಮನೆಯವರ ಮುಖ ಬರಬಾರದು.

ಡಿಬಿ, ಅಂದರೆ ಮನೆಯ ಎಲ್ಲಾ ಲೈನು ಹಂಚುವ ಪೆಟ್ಟಿಗೆ, ಅದರ ಮುಚ್ಚಳ ತೆಗೆದು ಫೋಟೊ ಹೊಡೆಯುವಾಗ ಹುಷಾರು. ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ವೈರಿನ ತುದಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೊಬೈಲು ಒಳಗೆ ತೂರಿಸಬೇಡಿ, ದೂರ ನಿಂತು ಜೂಮ್ ಮಾಡಿ. ಯಾವ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಯಾವ ರೂಮಿಗೆ ಅಂತ ಚೀಟಿ ಅಂಟಿಸಿದ ಮೇಲೆಯೇ ತೆಗೆಯಿರಿ. ಮಂಡಕ್ಕಿ ಭಟ್ಟಿಯಂಥ ಜಾಗದಲ್ಲಿ ಆ ಚೀಟಿ ಮಸಿ ಹಿಡಿದು ಬೇಗ ಕಪ್ಪಾಗುತ್ತದೆ, ಆಗ ಫೋಟೊ ನೋಡಿಯೇ ಹೊಸ ಚೀಟಿ ಬರೆಯುವುದು.

ವಾಟ್ಸಾಪಿನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ, ಟೇಪಿನ ಅಂಕಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ನಾನು ರೂಮಿಗೊಂದು ಫೋಲ್ಡರ್ ಮಾಡಿ ಪೆನ್‌ಡ್ರೈವಿಗೂ ಹಾಕಿಕೊಡುತ್ತೇನೆ. ಕೊನೇ ಕಂತು ಬರುವ ತನಕ ಅದನ್ನು ಕೊಡದೆ ಇಟ್ಟುಕೊಳ್ಳುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಾಕಿ ವಸೂಲಿ ಮಾಡಲು ಪಾಯಿಂಟಿನ ಲೆಕ್ಕದ ಚೀಟಿ ಇದೆಯಲ್ಲ, ಎಕ್ಸ್‌ಟ್ರಾ ಪಾಯಿಂಟಿಗೆ ತಗಾದೆ ಬಂದರೆ ಅದೇ ಫೋಟೊ ಮುಂದಿಟ್ಟು ಒಂದೊಂದೇ ಎಣಿಸಿ ತೋರಿಸಬಹುದು.