ಮೊದಲ ಹೊಲಿಗೆ ಮಿಷನ್ ಎಲ್ಲಿ ತಗೊಳ್ಳೋದು?

ನನ್ನ ಹತ್ತಿರ ಹೊಲಿಗೆ ಕಲಿಯೋಕೆ ಬರುವವರು ಲಂಗ ಮುಗಿಸಿ ಬ್ಲೌಸ್ ಕಟಿಂಗಿಗೆ ಬರುವಷ್ಟರಲ್ಲಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆಯ ನೆಂಟರು ಫೋನ್ ಮಾಡಿ ಕೇಳುವುದೂ ಇದನ್ನೇ. "ಮಿಷನ್ ತಗೋಬೇಕು ಅಂತಿದೀನಿ. ಶಿವಮೊಗ್ಗಕ್ಕೇ ಬರ್ಲಾ, ಆನ್‌ಲೈನಲ್ಲಿ ತರಿಸ್ಲಾ? ಇಲ್ಲೇ ಒಬ್ರ ಮನೇಲಿ ಹಳೇದಿದೆ, ಅದನ್ನೇ ತಗೊಂಡ್ಬಿಡ್ಲಾ?" ನಾನು ತಿರುಗಿ ಕೇಳುವುದು ಒಂದೇ ಮಾತು: ಅದು ಕೆಟ್ಟಾಗ ಯಾರ ಹತ್ತಿರ ಒಯ್ತೀರಿ? ಆ ಮೆಕ್ಯಾನಿಕ್ ಎಲ್ಲಿ ಕೂರುತ್ತಾರೋ ಅಲ್ಲೇ ತಗೊಳ್ಳಿ. ಇಲ್ಲವೇ ಅವರು ಹೇಳಿದ ಅಂಗಡಿಯಲ್ಲಿ ತಗೊಳ್ಳಿ. ಕಂಪನಿ, ಬಣ್ಣ, ಎಷ್ಟು ಥರದ ಹೊಲಿಗೆ ಬರುತ್ತೆ ಅನ್ನೋದೆಲ್ಲ ಆಮೇಲೆ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಸೂಜಿ ಕೆಳಗಿಳಿದು, ಮತ್ತೆ ಮೇಲೇಳುವಾಗ ಎರಡು ಮಿಲಿಮೀಟರಿನಷ್ಟು ಏರುವಷ್ಟರಲ್ಲಿ ಅದರ ಕಣ್ಣಿನ ಹತ್ತಿರ ದಾರ ಸಣ್ಣ ಕುಣಿಕೆಯಾಗುತ್ತದೆ. ಅದೇ ಹೊತ್ತಿಗೆ ಕೆಳಗಿರುವ ಷಟಲ್ ಅನ್ನೋ ಕೊಕ್ಕೆಯ ಮೂತಿ ಬಂದು ಆ ಕುಣಿಕೆಯನ್ನು ಹಿಡಿದು ಬಾಬಿನ್ (ಕೆಳಗಿನ ದಾರ ಸುತ್ತಿದ ಉರುಳೆ) ಸುತ್ತ ದಾಟಿಸಬೇಕು. ಇದನ್ನೇ ಟೈಮಿಂಗ್ ಅನ್ನುವುದು. ಇದು ಕೂದಲೆಳೆಯಷ್ಟು ಜರುಗಿದರೂ ಹೊಲಿಗೆ ಹಾರುತ್ತದೆ, ದಾರ ಕಡಿಯುತ್ತದೆ. ಅನುಭವ ಇರುವವರಿಗೆ ತಪ್ಪು ಮಿಷನ್ನಿನದು ಅಂತ ಶಬ್ದದಲ್ಲೇ ಗೊತ್ತಾಗುತ್ತೆ. ಹೊಸಬರಿಗೆ ಗೊತ್ತಾಗಲ್ಲ, ಎಲ್ಲ ತಪ್ಪನ್ನೂ ತಮ್ಮ ಕೈಮೇಲೆ ಹಾಕಿಕೊಳ್ಳುತ್ತಾರೆ. ಮೆಕ್ಯಾನಿಕ್ ಸ್ಕ್ರೂ ಡ್ರೈವರ್ ಹಿಡಿದು ಕಾಲು ಗಂಟೆ ಕೂತರೆ ಸರಿಯಾಗುವ ಮಿಷನ್ ಪಕ್ಕ ನಿಂತು "ನಂಗೆ ಹೊಲಿಗೆ ಒಗ್ಗಲ್ಲ ಬಿಡಿ" ಅನ್ನುವ ಹೆಣ್ಣುಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಎಷ್ಟೋ ಮನೆಗಳಲ್ಲಿ ಮಿಷನ್ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಡೋದು ಶುರುವಾಗುವುದು ಹೀಗೆಯೇ.

ಹಾಗಾದರೆ ಆ ಮೆಕ್ಯಾನಿಕ್ಕನ್ನು ಹುಡುಕೋದು ಹೇಗೆ? ಶಿವಮೊಗ್ಗದ ಗಾಂಧಿ ಬಜಾರಿಗೋ ದುರ್ಗಿಗುಡಿಗೋ ಬಟ್ಟೆ ತಗೊಳ್ಳೋಕೆ ಹೋಗೇ ಹೋಗ್ತೀರಲ್ಲ, ಹೋದಾಗ ಅಲ್ಲಿ ದಿನವಿಡೀ ಹೊಲಿಯುತ್ತಾ ಕೂತ ಟೈಲರ್‌ಗಳನ್ನು ಕೇಳಿ, ನಿಮ್ಮ ಮಿಷನ್ ಕೆಟ್ಟರೆ ಯಾರು ಬರ್ತಾರೆ ಅಂತ. ಮಿಷನ್ ಒಂದು ದಿನ ನಿಂತರೆ ಅವರಿಗೆ ಆ ದಿನದ ಕೂಲಿ ಹೋಗುತ್ತದೆ, ಹಾಗಾಗಿ ಅವರು ಸುಮ್ಮನೆ ಯಾರ ಹೆಸರನ್ನೂ ಹೇಳಲ್ಲ. ಇಬ್ಬರು ಮೂವರ ಬಾಯಲ್ಲಿ ಒಂದೇ ಹೆಸರು ಬಂದರೆ ಮುಗಿಯಿತು. ಸಾಗರದವರು ಸಾಗರದಲ್ಲಿ, ತೀರ್ಥಹಳ್ಳಿಯವರು ತೀರ್ಥಹಳ್ಳಿಯಲ್ಲಿ ಮೊದಲು ಹೀಗೆ ವಿಚಾರಿಸಿ. ಶಿವಮೊಗ್ಗದಲ್ಲಿ ಐನೂರು ರೂಪಾಯಿ ಕಡಿಮೆಗೆ ಸಿಗುತ್ತೆ ಅಂತ ಇಲ್ಲಿ ತಗೊಂಡು, ಆಮೇಲೆ ಸಣ್ಣ ರಿಪೇರಿಗೂ ಮಿಷನ್ನಿನ ತಲೆಯನ್ನು (ಟೇಬಲ್ ಮೇಲೆ ಕೂರುವ, ಸೂಜಿಯಿರುವ ಭಾಗ) ಬಸ್ಸಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಇಷ್ಟು ದೂರ ಬರುವ ಕಷ್ಟ ಬೇಡ. ಕಾಲಲ್ಲಿ ತುಳಿಯುವ ಕಪ್ಪು ಮಿಷನ್ನಿನ ತಲೆಯೊಂದೇ ಹತ್ತು ಕೆಜಿ ಮೇಲಿರುತ್ತದೆ.

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಮನೆಯಿಂದ ಮೂರು ತುಂಡು ಬಟ್ಟೆ ಒಯ್ಯಿರಿ: ಒಂದು ತೆಳು ವಾಯಿಲ್, ಒಂದು ಬ್ಲೌಸ್ ಪೀಸು ಲೈನಿಂಗ್ ಸಮೇತ, ಒಂದು ಹಳೇ ಜೀನ್ಸಿನ ಅಂಚು. ಅಂಗಡಿಯವರು ತೋರಿಸುವ ಗಂಜಿ ಹಾಕಿದ ಗಟ್ಟಿ ಬಟ್ಟೆ ಮೇಲೆ ಯಾವ ಮಿಷನ್ನಾದರೂ ಚೆನ್ನಾಗಿಯೇ ಹೊಲಿಯುತ್ತದೆ. ಮೇಲೊಂದು ಬಣ್ಣದ ದಾರ, ಬಾಬಿನ್ನಿಗೆ ಇನ್ನೊಂದು ಬಣ್ಣದ್ದು ಹಾಕಿಸಿ, ನೀವೇ ಕೂತು ಹೊಲಿಯಿರಿ. ಬಟ್ಟೆಯನ್ನು ಮಗುಚಿ ನೋಡಿ. ಕೆಳಗೆ ಕುಣಿಕೆ ಕುಣಿಕೆಯಾಗಿ ಮೇಲಿನ ದಾರ ಕಂಡರೆ ಮೇಲಿನ ಟೆನ್ಷನ್, ಅಂದರೆ ದಾರದ ಬಿಗಿತ, ಸಡಿಲ. ಬಾಬಿನ್ ದಾರ ಚುಕ್ಕೆಯಾಗಿ ಮೇಲೆ ಎದ್ದು ಕಂಡರೆ ಮೇಲಿನದು ಬಿಗಿ. ಆಮೇಲೆ ಬಾಬಿನ್ ಕೂರುವ ಡಬ್ಬಿ, ಅಂದರೆ ಬಾಬಿನ್ ಕೇಸನ್ನು ಹೊರಗೆ ತೆಗೆಸಿ, ದಾರದ ತುದಿ ಹಿಡಿದು ಇಳಿಬಿಡಿ. ತನ್ನ ಭಾರಕ್ಕೇ ಸರ್ರನೆ ಇಳಿಯಬಾರದು. ಕೈಯನ್ನು ಚೂರು ಜಗ್ಗಿದಾಗ ಒಂದು ಬೆರಳಷ್ಟು ಇಳಿದು ನಿಲ್ಲಬೇಕು. ಕೊನೆಗೆ ದಾರ ಬಿಡಿಸಿ, ಚಕ್ರವನ್ನು ಕೈಯಲ್ಲೇ ನಿಮ್ಮ ಕಡೆಗೆ ನಿಧಾನವಾಗಿ ತಿರುಗಿಸಿ. ಎಲ್ಲೂ ತಡೆದಂತೆ, ಉಜ್ಜಿದಂತೆ ಅನಿಸಬಾರದು. ಇಷ್ಟು ಮಾಡೋಕೆ ಬಿಡದ ಅಂಗಡಿಯಿಂದ ಎದ್ದು ಬನ್ನಿ. ಪಕ್ಕದಲ್ಲಿ ಕೂತು "ಹೀಗಲ್ಲಮ್ಮ, ಹೀಗೆ" ಅಂತ ದಾರ ಪೋಣಿಸೋದನ್ನ ಹೇಳಿಕೊಟ್ಟವರಿಗೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕಪ್ಪು ಮಿಷನ್ನೋ, ಬಿಳಿ ಕರೆಂಟ್ ಮಿಷನ್ನೋ? ಮಲೆನಾಡಿನ ಹಳ್ಳಿಯಲ್ಲಿರುವವರಿಗೆ ನಾನು ಹೇಳುವುದು ಕಾಲಲ್ಲಿ ತುಳಿಯುವ ಕಪ್ಪು ಮಿಷನ್ನೇ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ಶಾಲೆ ಯೂನಿಫಾರ್ಮ್ ಹೊಲಿಯೋ ಕಾಲವೂ ಮಳೆಗಾಲದ ಶುರುವೇ. ಇನ್ನೊಂದು ಕಾರಣ, ಉಷಾ, ಸಿಂಗರ್, ಮೆರಿಟ್ ಅಂತ ಹೆಸರು ಬೇರೆ ಇದ್ದರೂ ಈ ಕಪ್ಪು ಮನೆಬಳಕೆ ಮಿಷನ್‌ಗಳ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ಬಾಬಿನ್, ಬಾಬಿನ್ ಕೇಸ್, ಷಟಲ್, ಬೆಲ್ಟ್ ಎಲ್ಲ ತಾಲ್ಲೂಕು ಪೇಟೆಯಲ್ಲೂ ಸಿಗುತ್ತವೆ. ಲುಧಿಯಾನದಲ್ಲಿ ಈ ಮಿಷನ್ನೂ ಬಿಡಿಭಾಗವೂ ರಾಶಿಗಟ್ಟಲೆ ತಯಾರಾಗಿ ದೇಶವೆಲ್ಲ ಹೋಗುತ್ತವೆ. ಬೇಕಾದರೆ ಮುಂದೆ ಇದಕ್ಕೇ ಸಣ್ಣ ಮೋಟಾರ್ ಕೂರಿಸಬಹುದು.

ಬಿಳಿ ಮಿಷನ್ ಕೆಟ್ಟದ್ದು ಅಂತಲ್ಲ. ಜಿಗ್‌ಜಾಗ್ ಹೊಲಿಗೆ ಇರುತ್ತೆ, ಸೀರೆಗೆ ಪಿಕೋ ಮಾಡಬಹುದು, ಕಾಜ ತೆಗೆಯಬಹುದು, ಜಾಗವೂ ಕಡಿಮೆ ಸಾಕು. ಶಿವಮೊಗ್ಗದಂಥ ಊರಲ್ಲಿ, ಬಾಡಿಗೆ ಮನೆಯಲ್ಲಿ, ಮಕ್ಕಳ ಫ್ರಾಕು, ತಲೆದಿಂಬಿನ ಕವರು ಹೊಲಿಯೋಣ ಅನ್ನುವವರಿಗೆ ಅದೇ ಸರಿ. ಅದರ ಬಿಡಿಭಾಗ ಹೆಚ್ಚಾಗಿ ಆಯಾ ಕಂಪನಿಯದ್ದೇ ಆಗಬೇಕು. ಹಾಗಾಗಿ ಕಂಪನಿಯ ಸರ್ವಿಸ್ ನಿಮ್ಮ ಪಿನ್‌ಕೋಡಿಗೆ ಬರುತ್ತಾ ಅಂತ ದುಡ್ಡು ಕೊಡುವ ಮೊದಲೇ ಫೋನ್ ಮಾಡಿ ಕೇಳಬೇಕು.

ಆನ್‌ಲೈನ್ ವಿಷಯಕ್ಕೂ ಇದೇ ಮಾತು. ಸರ್ವಿಸ್ ನಿಮ್ಮೂರಿಗೆ ಬರುವ ಕಂಪನಿಯ ಮಿಷನ್ನಾದರೆ, ದಾರ ಪೋಣಿಸೋಕೆ ಹೇಳಿಕೊಡುವವರು ಹತ್ತಿರದಲ್ಲೇ ಇದ್ದರೆ, ಧಾರಾಳವಾಗಿ ತರಿಸಿ. ಸೂಜಿ, ಬಟ್ಟೆ ಒತ್ತಿ ಹಿಡಿಯುವ ಬೇರೆ ಬೇರೆ ಫೂಟ್‌ಗಳನ್ನು ನಾನೂ ಹಾಗೇ ತರಿಸುತ್ತೇನೆ. ಬೇಡವೇ ಬೇಡ ಅನ್ನುವುದು ಸಾವಿರ, ಸಾವಿರದೈನೂರಕ್ಕೆ ಸಿಗುವ ಬ್ಯಾಟರಿಯ ಮಿನಿ ಮಿಷನ್ನಿಗೆ. ಒಳಗೆಲ್ಲ ಪ್ಲಾಸ್ಟಿಕ್ ಹಲ್ಲು, ಲೈನಿಂಗ್ ಸೇರಿ ನಾಲ್ಕು ಪದರ ಆಗುವ ಬ್ಲೌಸಿನ ತೋಳಿನ ಜೋಡಣೆ ಅದರಿಂದ ದಾಟಲ್ಲ. ಕಲಿಯುವ ಮಕ್ಕಳಿಗೆ ಸಾಕು ಅಂತ ತರಿಸುತ್ತಾರೆ. ಕಲಿಯುವವರಿಗೇ ಒಳ್ಳೆ ಮಿಷನ್ ಬೇಕಾಗಿರುವುದು!

ಹಳೇ ಮಿಷನ್ ಸಿಕ್ಕರೆ ನನಗಂತೂ ಖುಷಿ. ಅಜ್ಜಿ ಕಾಲದ ಕಪ್ಪು ಮಿಷನ್ನಿನ ಎರಕ ಗಟ್ಟಿ, ಎಣ್ಣೆ ಹಾಕುತ್ತಾ ಬಂದಿದ್ದರೆ ಇನ್ನೂ ಎಷ್ಟೋ ವರ್ಷ ಓಡುತ್ತೆ. ನೋಡಬೇಕಾದ ಜಾಗ ಮೂರು. ಸೂಜಿ ಇಳಿಯುವ ತಟ್ಟೆಯ ತೂತಿನ ಸುತ್ತ ಸೂಜಿ ಕುಕ್ಕಿದ ಗೀರುಗಳಿವೆಯಾ, ಬಟ್ಟೆ ತಳ್ಳುವ ಹಲ್ಲು ಸವೆದು ನುಣುಪಾಗಿದೆಯಾ, ಷಟಲ್‌ನ ಮೂತಿ ಮೊಂಡಾಗಿದೆಯಾ. ಇವು ಬದಲಾಯಿಸಬಹುದಾದ ಭಾಗಗಳೇ, ಆದರೆ ಅಷ್ಟರ ಮಟ್ಟಿಗೆ ಬೆಲೆ ಇಳಿಸಿ ಕೇಳಿ. ಸೂಜಿ ಹಿಡಿಯುವ ಕಂಬಿ ಅಕ್ಕಪಕ್ಕ ಲೊಡಲೊಡ ಅಂದರೆ ಮಾತ್ರ ಬಿಟ್ಟುಬಿಡಿ. ನಮ್ಮ ಕಡೆ ಕೈಗೆ ಸಿಕ್ಕಿತು ಅಂತ ಮಿಷನ್ನಿಗೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ, ಅದು ಒಳಗೆ ಅಂಟಾಗಿ ಹೆಪ್ಪುಗಟ್ಟಿ ಮಿಷನ್ ಭಾರವಾಗಿರುತ್ತದೆ. ಇದಕ್ಕೆ ಹೆದರಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು ಮಿಷನ್ ಎಣ್ಣೆ ಬಿಟ್ಟರೆ ಬಹಳಷ್ಟು ಸಲ ಹೊಸದರಂತೆ ಹಗುರಾಗುತ್ತದೆ.

ಮಾಚೇನಹಳ್ಳಿ ಗಾರ್ಮೆಂಟ್ಸಿಗೆ ಹೋಗಿ ಬಂದವರು ಜೂಕಿ (ಗಾರ್ಮೆಂಟ್ಸಿನ ವೇಗದ ಕರೆಂಟ್ ಮಿಷನ್) ತರ್ಲಾ ಅಂತ ಕೇಳುತ್ತಾರೆ. ಆ ವೇಗಕ್ಕೆ ಕೈ ಕೂತಿರುವವರಿಗೆ, ಆರ್ಡರ್ ಹಿಡಿದು ಹೊಲಿಯುವವರಿಗೆ ಅದು ಸರಿಯೇ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುವ ಮಿಷನ್ನನ್ನು ಹೊಸಬರ ಕಾಲಿಗೆ ಕೊಡಬಾರದು. ಅದರ ಸೂಜಿಯೂ ಬೇರೆ, ಬುಡ ಪೂರ್ತಿ ಗುಂಡು. ಮನೆ ಮಿಷನ್ ಸೂಜಿಯ ಬುಡ ಒಂದು ಪಕ್ಕ ಚಪ್ಪಟೆ.

ದುಡ್ಡಿನ ಮಾತಿಗೆ ಬಂದರೆ, ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೂಡಿಟ್ಟು ಬರುವವರಿದ್ದಾರೆ, ಅವರನ್ನು ಕಂಡರೆ ನನಗೆ ಬಹಳ ಗೌರವ. ಈಗಾಗಲೇ ಹೊಲಿದು ಸಂಪಾದಿಸುತ್ತಿರುವವರು 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಿ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಮನೆಗೊಬ್ಬರಿಗೆ ಮಾತ್ರ.

ಅಂಗಡಿಯಲ್ಲಿ ತಲೆಯ ಮೇಲಿನ ಗಮನ ಟೇಬಲ್ ಮೇಲೂ ಇರಲಿ. ಪುಡಿ ಒತ್ತಿ ಮಾಡಿದ ಹಲಗೆಯ ಟೇಬಲ್ ನಮ್ಮ ಮಳೆಗಾಲದ ಥಂಡಿಗೆ ಅಂಚಿನಲ್ಲಿ ಊದಿ, ಸ್ಕ್ರೂ ಹಿಡಿಯದಂತಾಗುತ್ತದೆ. ಪ್ಲೈವುಡ್ಡೋ ಮರದ್ದೋ ಕೇಳಿ ಹಾಕಿಸಿಕೊಳ್ಳಿ. 11, 14, 16ನೇ ನಂಬರಿನ ಸೂಜಿ, ನಾಲ್ಕಾರು ಬಾಬಿನ್, ಮಿಷನ್ ಎಣ್ಣೆ ಅಲ್ಲೇ ತಗೊಳ್ಳಿ. ತೆಳು ಬಟ್ಟೆಗೆ 11, ಬ್ಲೌಸಿಗೆ 14, ಜೀನ್ಸಿಗೆ 16. ಬಿಲ್ಲಿನ ಮೇಲೆ ಮಿಷನ್ ನಂಬರ್ ಬರೆಸಿ, ಮೆಕ್ಯಾನಿಕ್ ಫೋನ್ ನಂಬರ್ ತಗೊಳ್ಳಿ. ಸಾಗಿಸುವಾಗ ತಲೆ, ಸ್ಟ್ಯಾಂಡ್ ಬೇರೆ ಬೇರೆ ಮಾಡಿಸಿ. ಪರೀಕ್ಷೆ ಮಾಡಿದ ಆ ಮೂರು ತುಂಡನ್ನೂ ಹಾಗೇ ಇಟ್ಟುಕೊಂಡಿರಿ. ಮನೆಯಲ್ಲಿ ಜೋಡಿಸಿದ ಮೇಲೆ ಅವುಗಳ ಮೇಲೇ ಪಕ್ಕದಲ್ಲಿ ಇನ್ನೊಂದು ಸಾಲು ಹೊಲಿಯಿರಿ. ಎರಡು ಸಾಲೂ ಒಂದೇ ಥರ ಬಂದರೆ ಸರಿ. ಬರದಿದ್ದರೆ ದಾರ ಬಿಚ್ಚಿ ಮೊದಲಿಂದ ಪೋಣಿಸಿ ನೋಡಿ, ಆಗಲೂ ಬರದಿದ್ದರೆ ನೀವು ಯಾವ ಸ್ಕ್ರೂವನ್ನೂ ಮುಟ್ಟದೆ ಅವತ್ತೇ ಅಂಗಡಿಗೆ ಫೋನ್ ಮಾಡಿ.